ಟಿವಿಗೊಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್

ಬ್ಯಾಂಕಿನಲ್ಲಿ ದುಡಿದವರಿಗೆಲ್ಲ ‘ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್’ ಎಂಬ ಮಾತು ಚೆನ್ನಾಗಿ ಗೊತ್ತು. ಪ್ರತಿ ತಿಂಗಳು 5ನೇ ತಾರೀಕು ನನ್ನ ಉಳಿತಾಯ ಖಾತೆಯಿಂದ 500 ರೂಪಾಯಿ ತೆಗೆದು ಮಗಳ ಆರ್.ಡಿ. ಖಾತೆಗೆ ಹಾಕಿ ಎಂದು ಗ್ರಾಹಕರು ಒಮ್ಮೆ ಬರೆದುಕೊಟ್ಟರೆ ಮುಗಿಯಿತು. ಮತ್ತೆ ಅವರು ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ. ಕಂಪ್ಯೂಟರ್ ಬರುವ ಮುಂಚೆ ಇದಕ್ಕೆಂದೇ ಒಂದು ದಪ್ಪ ರಿಜಿಸ್ಟರ್ ಇರುತ್ತಿತ್ತು. ಬೆಳಿಗ್ಗೆ ಬಂದು ಕೋಟು ಕುರ್ಚಿಗೆ ಹಾಕಿದ ಕೂಡಲೆ ಆ ದಿನದ ಪುಟ ತೆರೆದು ನೋಡುವುದು ನಮ್ಮಂಥ ಗುಮಾಸ್ತರ ಮೊದಲ ಕೆಲಸ. ಖಾತೆಯಲ್ಲಿ ಹಣ ಇರಬೇಕು, ಖಾತೆ ಚಾಲ್ತಿಯಲ್ಲಿರಬೇಕು, ಬ್ಯಾಂಕು ತೆರೆದಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ತಿಂಗಳ ಕಂತು ಹೋಗುತ್ತಿರಲಿಲ್ಲ.

ಡಿಶ್ ಟಿವಿ, ಟಾಟಾ ಪ್ಲೇ, ಏರ್‌ಟೆಲ್, ಸನ್ ಡೈರೆಕ್ಟ್ ಎಂದು ಮನೆಯ ತಾರಸಿಯ ಮೇಲೆ ಬುಟ್ಟಿ ಕೂರಿಸಿಕೊಂಡವರಲ್ಲಿ ಕೆಲವರ ಬಳಿ ರೆಕಾರ್ಡ್ ಮಾಡುವ ಬಾಕ್ಸ್ ಇದೆ. ಇದೆ ಎಂದು ಗೊತ್ತಿಲ್ಲದೆ ಇಟ್ಟುಕೊಂಡವರೂ ಇದ್ದಾರೆ. ಈ ಬಾಕ್ಸಿಗೆ ನಾವು ಕೊಡುವುದೂ ಒಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ನೇ. ಈ ಕಾರ್ಯಕ್ರಮ ಬಂದಾಗಲೆಲ್ಲ ಹಿಡಿದಿಡಪ್ಪ, ನಾವು ನಮಗೆ ಬಿಡುವಾದಾಗ ನೋಡಿಕೊಳ್ಳುತ್ತೇವೆ ಎಂದು ಹೇಳುವುದು ಅಷ್ಟೆ. ಅದಕ್ಕೂ ಷರತ್ತುಗಳಿವೆ. ಅದನ್ನು ಹೇಳುವುದಕ್ಕೇ ಈ ಬರಹ.

ನಾವು ಹಾಸನದವರು. ಮನೆಯಲ್ಲಿ ಐದು ಜನ. ಸೊಸೆ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ಅವಳ ಗಡಿಯಾರ ವಾರಕ್ಕೊಂದು ದಿಕ್ಕಿಗೆ ತಿರುಗುತ್ತದೆ. ಮೊಮ್ಮಗಳು ಏಳನೇ ತರಗತಿ. ತಾಯಿ ಮಗಳಿಬ್ಬರಿಗೂ ಪ್ರಾಣವಾದದ್ದು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ ಕನ್ನಡದ ಕ್ವಿಜ್ ಅದು. ಸರಿಯಾದ ಉತ್ತರಕ್ಕೆ ಹಣವಲ್ಲ, ಪುಸ್ತಕ ಬಹುಮಾನ. ಅದು ಬರುವುದು ರಾತ್ರಿ, ನಮ್ಮ ಮನೆಯಲ್ಲಿ ಹಾಸಿಗೆ ಹಾಸುವ ಹೊತ್ತಿಗೆ. ಹುಡುಗಿಗೆ ಬೆಳಿಗ್ಗೆ ಏಳಕ್ಕೇ ಸ್ಕೂಲ್ ಬಸ್ಸು. ತಾಯಿ ಆ ಹೊತ್ತಿಗೆ ಒಂದೋ ವಾರ್ಡಿನಲ್ಲಿರುತ್ತಾಳೆ, ಇಲ್ಲ ದಣಿದು ಮಲಗಿರುತ್ತಾಳೆ. ಇಬ್ಬರೂ ಒಟ್ಟಿಗೆ ಕೂತು ನೋಡಿದ್ದು ತಿಂಗಳಿಗೆ ಎರಡು ಸಲವಾದರೆ ಹೆಚ್ಚು.

ಒಂದು ದಿನ ಹುಡುಗಿ ನನ್ನನ್ನು ಕೇಳಿದಳು, “ತಾತ, ಅಮ್ಮನಿಗೆ ರಜ ಇದ್ದಾಗ್ಲೇ ಕ್ವಿಜ್ ಬರೋ ಹಾಗೆ ಮಾಡೋಕಾಗಲ್ವಾ?”

ದೂರದರ್ಶನದವರಿಗೆ ಪತ್ರ ಬರೆಯಬೇಕು ಎಂಬ ಅರ್ಥದಲ್ಲೇ ಕೇಳಿದಳೇನೋ. ಆದರೆ ಆ ಪ್ರಶ್ನೆಗೆ ಉತ್ತರ ನಮ್ಮ ಟಿವಿ ಕೆಳಗಿನ ಕಪಾಟಿನಲ್ಲೇ ಇತ್ತು.

ಕಾರ್ಯಕ್ರಮದ ಹೊತ್ತನ್ನು ನಮಗೆ ಬೇಕಾದಂತೆ ತಿರುಗಿಸಿಕೊಳ್ಳುವ ಆಸೆ ಹೊಸದಲ್ಲ. ಅಜ್ಜ ಅಜ್ಜಿಯರಿಗೆ 1980ರ ದಶಕದ ವಿಸಿಆರ್ ನೆನಪಿರಬೇಕು. ನಮ್ಮ ಕಡೆ ಅದನ್ನು ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ತಂದು ಬೆಳಗಾಗುವಷ್ಟರಲ್ಲಿ ಮೂರು ಸಿನಿಮಾ ನೋಡಿ ಮುಗಿಸುತ್ತಿದ್ದೆವು. ಸ್ವಂತ ವಿಸಿಆರ್ ಇದ್ದ ಮನೆಗಳಲ್ಲಿ ಅದರ ಟೈಮರ್ ಇಟ್ಟು ರೆಕಾರ್ಡ್ ಮಾಡಬಹುದಿತ್ತು. ಆದರೆ ಅದರ ಗಡಿಯಾರ ಸರಿ ಮಾಡುವುದೇ ದೊಡ್ಡ ಸಾಹಸ. ಕರೆಂಟು ಹೋಗಿ ಬಂದರೆ ಮತ್ತೆ 12:00 ಎಂದು ಮಿನುಗುತ್ತ ಕೂರುತ್ತಿತ್ತು. 1987ರಲ್ಲಿ ‘ರಾಮಾಯಣ’ ಶುರುವಾದ ಮೇಲಂತೂ ಭಾನುವಾರ ಬೆಳಿಗ್ಗೆ ಊರಿನ ರಸ್ತೆಗಳು ಬಿಕೋ ಎನ್ನುತ್ತಿದ್ದವು. ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಯಾರೂ ನಾಮಕರಣ ಇಟ್ಟುಕೊಳ್ಳುತ್ತಿರಲಿಲ್ಲ. ಟಿವಿ ಹೇಳಿದ ಹೊತ್ತಿಗೆ ಮನೆ ಕೂರಬೇಕು, ಟಿವಿ ಹೇಳಿದ ಹೊತ್ತಿಗೆ ಏಳಬೇಕು.

ಇದೇ ವಿಷಯಕ್ಕೆ ಅಮೆರಿಕದಲ್ಲಿ ದೊಡ್ಡ ಮೊಕದ್ದಮೆಯೇ ನಡೆದಿತ್ತು. ಮನೆಯಲ್ಲಿ ಜನ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವುದು ಕಳ್ಳತನ ಎಂದು ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು ಯಂತ್ರ ತಯಾರಿಸಿದ ಸೋನಿಯ ಮೇಲೆ 1976ರಲ್ಲಿ ದಾವೆ ಹೂಡಿದವು. ಆಗ ಸೋನಿಯ ಪಕ್ಷಕ್ಕೆ ಅನುಕೂಲವಾಗುವ ಸಾಕ್ಷ್ಯ ಹೇಳಿದವರಲ್ಲಿ ಒಬ್ಬರು ಫ್ರೆಡ್ ರೋಜರ್ಸ್. ಅವರು ಅಲ್ಲಿನ ಮಕ್ಕಳಿಗೆ ಬಲು ಪ್ರೀತಿಯ ಟಿವಿ ಮಾಮ. ತಮ್ಮ ಕಾರ್ಯಕ್ರಮವನ್ನು ಮನೆಯವರು ಹಿಡಿದಿಟ್ಟುಕೊಂಡು ಮಕ್ಕಳೊಡನೆ ಅನುಕೂಲವಾದ ಹೊತ್ತಿನಲ್ಲಿ ನೋಡುವುದು ಒಳ್ಳೆಯದೇ ಎಂಬುದು ಅವರ ಮಾತಿನ ಸಾರ. 1984ರ ಜನವರಿ 17ರಂದು ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು: ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ. ತೀರ್ಪಿನಲ್ಲಿ ರೋಜರ್ಸ್ ಅವರ ಮಾತಿನ ಉಲ್ಲೇಖವೂ ಇದೆ. ಆ ಪುಣ್ಯಾತ್ಮರಿಗೂ ನನ್ನ ಮೊಮ್ಮಗಳಿಗೂ ಹೊಳೆದದ್ದು ಒಂದೇ ವಿಷಯ ನೋಡಿ.

ಕ್ಯಾಸೆಟ್ ಹೋಗಿ ಹಾರ್ಡ್ ಡಿಸ್ಕ್ ಬಂದದ್ದು 1999ರಲ್ಲಿ, ಅಮೆರಿಕದ ಟಿವೊ ಮೊದಲಾದ ಯಂತ್ರಗಳೊಂದಿಗೆ. ನಮ್ಮ ದೇಶದಲ್ಲಿ ಖಾಸಗಿ ಡಿಟಿಎಚ್ ಶುರುವಾದದ್ದು 2003ರಲ್ಲಿ. ದೂರದರ್ಶನದ ಉಚಿತ ಡಿಟಿಎಚ್ 2004ರ ಡಿಸೆಂಬರ್‌ನಲ್ಲಿ ಬಂತು. ರೆಕಾರ್ಡ್ ಮಾಡುವ ಬಾಕ್ಸುಗಳು 2008ರ ಹೊತ್ತಿಗೆ ಮನೆ ಸೇರತೊಡಗಿದವು.

ಮಕ್ಕಳೇ, ಈ ಬಾಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ನಿಮಗೆ ಸ್ವಲ್ಪ ಹೇಳಬೇಕು. ಭೂಮಿಯ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇರುತ್ತದೆ. ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ಅದೂ ಒಂದು ಸುತ್ತು ಬರುವುದರಿಂದ ನಮಗೆ ಅದು ನಿಂತಲ್ಲೇ ನಿಂತಂತೆ. ಅದಕ್ಕೇ ತಾರಸಿಯ ಬುಟ್ಟಿಯನ್ನು ಒಮ್ಮೆ ತಿರುಗಿಸಿ ಬಿಗಿದರೆ ಮತ್ತೆ ಮುಟ್ಟಬೇಕಿಲ್ಲ. ನೆಲದಿಂದ ಹೊರಟ ಕಾರ್ಯಕ್ರಮ ಮೇಲೆ 36,000, ಕೆಳಗೆ 36,000, ಒಟ್ಟು 72,000 ಕಿಲೋಮೀಟರ್ ಓಡಿ ನಿಮ್ಮ ಮನೆಗೆ ಬರುತ್ತದೆ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗ. ಹಾಗಾದರೆ ಎಷ್ಟು ಹೊತ್ತು ಬೇಕು? ಭಾಗಿಸಿ ನೋಡಿ, ಕಾಲು ಸೆಕೆಂಡಿಗೂ ಸ್ವಲ್ಪ ಕಡಿಮೆ. ಇಸ್ರೋದ ಇಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನೆಟ್ಟಗೆ ಇರಿಸುವ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಊರಿನವರಿಗೆ ಅದು ಬರೀ ‘ಎಂಸಿಎಫ್’. ಭೋಪಾಲದಲ್ಲಿ ಇನ್ನೊಂದಿದೆ. ನಮ್ಮೂರಿನದು ಹಿರಿಯಣ್ಣ. ಈ ಹೆಮ್ಮೆಯನ್ನು ಹೇಳಿಕೊಳ್ಳಲು ನಾನು ನೆಪ ಹುಡುಕುತ್ತಿರುತ್ತೇನೆ.

ಚಿತ್ರ ಮತ್ತು ಧ್ವನಿಯ ಜೊತೆಗೆ ಇನ್ನೂ ಎರಡು ವಸ್ತು ಆಕಾಶದಿಂದ ಇಳಿಯುತ್ತವೆ. ಒಂದು, ಸರಿಯಾದ ಸಮಯ. ಹಾಗಾಗಿ ಈ ಬಾಕ್ಸಿನ ಗಡಿಯಾರವನ್ನು ನಾವು ತಿದ್ದಬೇಕಿಲ್ಲ. ಇನ್ನೊಂದು, ಮುಂದಿನ ಕೆಲವು ದಿನಗಳ ಕಾರ್ಯಕ್ರಮ ಪಟ್ಟಿ. ರಿಮೋಟಿನಲ್ಲಿ ‘ಗೈಡ್’ ಎಂಬ ಗುಂಡಿ ಒತ್ತಿದರೆ ಕಾಣುವುದು ಅದೇ. ಪಟ್ಟಿಯಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಹೆಸರು, ಆರಂಭ, ಅವಧಿ ಇರುತ್ತದೆ. ಒಂದೇ ಸರಣಿಯ ಕಂತುಗಳಿಗೆ ಒಂದೇ ಗುರುತು ಕೊಟ್ಟಿದ್ದರೆ, ಇವೆಲ್ಲ ಒಂದೇ ಮನೆಯ ಮಕ್ಕಳು ಎಂದು ಬಾಕ್ಸಿಗೆ ತಿಳಿಯುತ್ತದೆ. ನಮ್ಮ ಕೆಲಸ ಸುಲಭ. ಗೈಡ್‌ನಲ್ಲಿ ಕಾರ್ಯಕ್ರಮದ ಮೇಲೆ ನಿಂತು ರೆಕಾರ್ಡ್ ಗುಂಡಿ ಒತ್ತಬೇಕು. ಅದರ ಮೇಲೆ ಸಾಮಾನ್ಯವಾಗಿ ಕೆಂಪು ಚುಕ್ಕೆ ಇರುತ್ತದೆ, ಇಲ್ಲವೆ ಆರ್ ಅಕ್ಷರ. ಇದೊಂದೇ ಕಂತು ಸಾಕೋ, ಇಡೀ ಸರಣಿ ಬೇಕೋ ಎಂದು ಬಾಕ್ಸ್ ಕೇಳುತ್ತದೆ. ‘ಸೀರೀಸ್’ ಎಂದರೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಟ್ಟಂತೆ. ಪರದೆಯ ಮೇಲೆ ಬರುವುದೆಲ್ಲ ಇಂಗ್ಲಿಷು, ಅಕ್ಷರವೂ ಸಣ್ಣದು. ಇಲ್ಲಿ ಮೊಮ್ಮಕ್ಕಳ ಸಹಾಯ ತೆಗೆದುಕೊಳ್ಳಿ. ಅವರು ಓದಲಿ, ತೀರ್ಮಾನ ನೀವು ಮಾಡಿ.

ಹಾಗೆ ನಾವು ಸರಣಿ ಹಾಕಿದೆವು. ಪರದೆಯಲ್ಲಿ ಐದು ಕಂತಿನ ಮುಂದೆಯೂ ಕೆಂಪು ಗುರುತು ಬಿತ್ತು. ಹುಡುಗಿ ಕ್ಯಾಲೆಂಡರಿನಲ್ಲಿ ತಾಯಿಯ ರಜದ ದಿನಕ್ಕೆ ಸುತ್ತು ಹಾಕಿದಳು. ಆ ದಿನ ಬಂತು. ಸೊಸೆ ತಲೆಗೆ ನೀರು ಹಾಕಿಕೊಂಡು, ಚುರುಮುರಿ ಮಾಡಿಕೊಂಡು, ಕಾಲು ನೀಡಿ ಕೂತಳು. ಪಟ್ಟಿ ತೆಗೆದರೆ ಐದು ಕಂತುಗಳಲ್ಲಿ ಇದ್ದದ್ದು ಒಂದೇ ಒಂದು, ಬುಧವಾರದ್ದು. ಮಿಕ್ಕ ನಾಲ್ಕರ ಮುಂದೆ ‘ವಿಫಲ’ ಎಂಬ ಅರ್ಥದ ಇಂಗ್ಲಿಷ್ ಮಾತು. ಅರ್ಧ ಗಂಟೆಯಲ್ಲಿ ಅವರ ವಾರದ ಹಬ್ಬ ಮುಗಿದುಹೋಯಿತು. ಹುಡುಗಿ ಅಳಲಿಲ್ಲ, ಸುಮ್ಮನೆ ಗಣಿತದ ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ಅತ್ತಿದ್ದರೇ ವಾಸಿಯಿತ್ತು.

ಗ್ರಾಹಕ ಸೇವೆಯ ಹುಡುಗ ಫೋನಿನಲ್ಲಿ, “ಸಿಗ್ನಲ್ ಪ್ರಾಬ್ಲಮ್ ಸರ್, ಇಲ್ಲಾಂದ್ರೆ ಬಾಕ್ಸ್ ಚೇಂಜ್ ಮಾಡ್ಬೇಕಾಗುತ್ತೆ” ಎಂದ. ನನಗೆ ಒಪ್ಪಿಗೆಯಾಗಲಿಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಹೊಸ ಲೆಡ್ಜರ್ ತರಿಸುವುದಿಲ್ಲ, ವ್ಯತ್ಯಾಸ ಎಲ್ಲಿದೆ ಎಂದು ಹುಡುಕುತ್ತೇವೆ. ಸೋಮವಾರ ಇಲ್ಲ, ಮಂಗಳವಾರ ಇಲ್ಲ, ಬುಧವಾರ ಇದೆ, ಗುರುವಾರ ಶುಕ್ರವಾರ ಇಲ್ಲ. ಹಾಗಾದರೆ ಬುಧವಾರ ಏನು ವಿಶೇಷ? ಮಳೆ ಆ ವಾರ ಬಂದೇ ಇರಲಿಲ್ಲ. ಕರೆಂಟು ಹೋಗಿರಲಿಲ್ಲ. ಬುಧವಾರ ರಾತ್ರಿ ಮನೆಯಲ್ಲಿ ಬದಲಾಗಿದ್ದದ್ದು ಒಂದೇ ಸಂಗತಿ. ನನ್ನಾಕೆ ಬೇಲೂರಿನ ತಂಗಿಯ ಮನೆಗೆ ಹೋಗಿದ್ದಳು.

ಉತ್ತರ ಗೋಡೆಯ ಮೇಲೇ ಇತ್ತು. ನನ್ನಾಕೆ ರಾತ್ರಿ ಮಲಗುವ ಮುನ್ನ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಟಿವಿಯ ಮೇನ್ ಸ್ವಿಚ್ ಆರಿಸಿಯೇ ದೇವರಿಗೆ ಕೈಮುಗಿಯುವುದು. ವಿಷಯ ಹೇಳಿದೆ.

“ಮೂವತ್ತು ವರ್ಷದಿಂದ ಆರಿಸ್ಕೊಂಡೇ ಬಂದಿದೀನಿ. ಇವತ್ತು ಅದು ತಪ್ಪಾಯ್ತಾ? ಗೃಹಜ್ಯೋತಿ ಯೂನಿಟ್ ದಾಟಿದ್ರೆ ಬಿಲ್ ಯಾರು ಕಟ್ತಾರೆ?” ಎಂದಳು. ನ್ಯಾಯವಾದ ಮಾತೇ. ಅವಳು ಹಾಗೆ ಆರಿಸಿದ್ದರಿಂದಲೇ ನಮ್ಮ ಮನೆಯ ಬಿಲ್ಲು ಯಾವತ್ತೂ ಎಲ್ಲೆ ಮೀರಿಲ್ಲ.

ಹಾಗಾಗಿ ಲೆಕ್ಕದಿಂದಲೇ ಉತ್ತರ ಕೊಡಬೇಕಾಯಿತು. ಬಾಕ್ಸಿನ ಅಡಾಪ್ಟರ್ ತಿರುಗಿಸಿದರೆ 12 ವೋಲ್ಟ್, 1.5 ಆಂಪಿಯರ್ ಎಂದು ಬರೆದಿತ್ತು. ಗುಣಿಸಿದರೆ 18 ವಾಟ್. ಇದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ನಿಜಕ್ಕೂ ಬಾಕ್ಸ್ ತಿನ್ನುವುದು ಇದಕ್ಕಿಂತ ಕಡಿಮೆ. ರಾತ್ರಿ ಎಂಟು ಗಂಟೆ ಹೆಚ್ಚಿಗೆ ಉರಿದರೆ 144 ವಾಟ್ ಗಂಟೆ. ಮೂವತ್ತು ದಿನಕ್ಕೆ 4,320. ಸಾವಿರಕ್ಕೊಂದು ಯೂನಿಟ್ಟಿನಂತೆ ನಾಲ್ಕು ಯೂನಿಟ್‌ಗಿಂತ ಚೂರು ಹೆಚ್ಚು. ಮೊಮ್ಮಗಳು ಕಾಗದದ ಮೇಲೆ ಇದನ್ನೆಲ್ಲ ಬರೆದು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಎರಡು ಸಲ ಓದಿ, “ನಾಲ್ಕು ಯೂನಿಟ್ ತಾನೆ, ಬಾತ್‌ರೂಮಿನ ಗೀಸರ್‌ನಲ್ಲಿ ನಿಮ್ಮಪ್ಪನ ಹತ್ರ ಉಳಿಸ್ತೀನಿ ಬಿಡು” ಎಂದಳು. ನನ್ನ ಮಗ ಆ ಹೊತ್ತಿಗೆ ಸ್ನಾನದಲ್ಲೇ ಇದ್ದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೆಕಾರ್ಡ್ ಆಗಲು ಟಿವಿ ಉರಿಯುತ್ತಿರಬೇಕಿಲ್ಲ. ಬಾಕ್ಸಿಗೆ ಮಾತ್ರ ಕರೆಂಟು ಇದ್ದರೆ ಸಾಕು. ರಿಮೋಟಿನಿಂದ ಬಾಕ್ಸನ್ನು ಆರಿಸಿದರೂ ಅದು ಪೂರ್ತಿ ನಿದ್ದೆ ಹೋಗುವುದಿಲ್ಲ, ಕೋಳಿನಿದ್ದೆಯಲ್ಲಿದ್ದು ಹೊತ್ತಿಗೆ ಸರಿಯಾಗಿ ಎದ್ದು ಕೆಲಸ ಮಾಡುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಮಾತ್ರ ಕತೆ ಮುಗಿಯಿತು. ಬಹಳ ಮನೆಗಳಲ್ಲಿ ಟಿವಿ, ಬಾಕ್ಸ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇರುತ್ತವೆ. ನಾವು ಎಲೆಕ್ಟ್ರಿಷಿಯನ್ ಕರೆಸಿ ಬಾಕ್ಸಿಗೆ ಬೇರೆ ಸಾಕೆಟ್ ಮಾಡಿಸಿ, ಯುಪಿಎಸ್ ಲೈನಿಗೆ ಸೇರಿಸಿದೆವು. ಕರೆಂಟು ಹೋದರೂ ಚಿಂತೆಯಿಲ್ಲ. ಟಿವಿಯ ಸ್ವಿಚ್ಚನ್ನು ನನ್ನಾಕೆ ಈಗಲೂ ದಿನಾ ಆರಿಸುತ್ತಾಳೆ. ಬಾಕ್ಸಿನ ಸ್ವಿಚ್ಚಿನ ಪಕ್ಕ ಮೊಮ್ಮಗಳು ಚೀಟಿ ಅಂಟಿಸಿದ್ದಾಳೆ: ‘ಅಜ್ಜಿ, ಇದು ನೈಟ್ ಡ್ಯೂಟಿ’. ಸೊಸೆ ಅದನ್ನು ಓದಿ ನಕ್ಕದ್ದನ್ನು ನಾನು ನೋಡಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಗುವುದು ಅಪರೂಪ.

ಮುಂದಿನ ವಾರ ಐದಕ್ಕೆ ಐದೂ ಬಂದವು.

ಆಮೇಲೆ ಸಣ್ಣಪುಟ್ಟ ತೊಡಕುಗಳು ಒಂದೊಂದಾಗಿ ಎದ್ದವು. ನಿಮಗೂ ಏಳುತ್ತವೆ, ಹಾಗಾಗಿ ಹೇಳುತ್ತೇನೆ. ಎರಡು ಕಾರ್ಯಕ್ರಮ ಒಂದೇ ಹೊತ್ತಿಗೆ ಬಿದ್ದರೆ? ಬಾಕ್ಸಿನೊಳಗೆ ಸಿಗ್ನಲ್ ಆರಿಸುವ ‘ಟ್ಯೂನರ್’ ಎಷ್ಟಿವೆಯೋ ಅಷ್ಟೇ ಅದರ ಕೈಗಳು. ಎರಡು ಟ್ಯೂನರ್ ಇದ್ದರೆ ಒಂದನ್ನು ನೋಡುತ್ತ ಇನ್ನೊಂದನ್ನು ಹಿಡಿಯಬಹುದು. ನಮ್ಮಲ್ಲಿ ಅಜ್ಜಿಯ ಧಾರಾವಾಹಿ, ಮಗನ ಕ್ರಿಕೆಟ್, ಕ್ವಿಜ್ ಮೂರೂ ಕೂಡಿದ ದಿನ ಬಾಕ್ಸ್ ಕೈಚೆಲ್ಲಿ, ಯಾವುದನ್ನು ಬಿಡಲಿ ಎಂದು ಕೇಳಿತು. ಮನೆಯಲ್ಲಿ ಸಣ್ಣ ಪಂಚಾಯಿತಿ ನಡೆಯಿತು. ನಾನು ಕೊಟ್ಟ ತೀರ್ಪು ಇದು: ಮರುಪ್ರಸಾರ ಇರುವುದು ಹಿಂದೆ ಸರಿಯಲಿ. ಧಾರಾವಾಹಿ ಮಾರನೆಯ ದಿನ ಮಧ್ಯಾಹ್ನ ಮತ್ತೆ ಬರುತ್ತದೆ. ಅದರ ಸರಣಿಯನ್ನು ರಾತ್ರಿಯಿಂದ ತೆಗೆದು ಮಧ್ಯಾಹ್ನಕ್ಕೆ ಹಾಕಿದೆವು. “ಒಂದು ದಿನ ತಡವಾಗಿ ನೋಡಿದ್ರೆ ಆ ಅತ್ತೆ ಒಳ್ಳೆಯವಳಾಗಿಬಿಡ್ತಾಳಾ” ಎಂದು ಮಗ ತಾಯಿಯನ್ನು ಛೇಡಿಸಿದ. ಹಳೆಯ ಕೆಲವು ಬಾಕ್ಸುಗಳಿಗೆ ತಾರಸಿಯಿಂದ ಎರಡು ಕೇಬಲ್ ಇಳಿದಿರಬೇಕು. ಒಂದೇ ಇದ್ದರೆ ಎರಡು ಕೈ ಇದ್ದೂ ಒಂದು ಕಟ್ಟಿಹಾಕಿದಂತೆ. ಒಮ್ಮೆ ಬಾಕ್ಸಿನ ಹಿಂದೆ ಇಣುಕಿ ನೋಡಿ.

ಕಾರ್ಯಕ್ರಮಗಳು ಪಟ್ಟಿಯಲ್ಲಿ ಹೇಳಿದ ನಿಮಿಷಕ್ಕೇ ಶುರುವಾಗುವುದಿಲ್ಲ. ಹಿಂದಿನದು ಎಳೆದರೆ ಇದು ಜಾರುತ್ತದೆ. ಬಾಕ್ಸ್ ಮಾತ್ರ ಪಟ್ಟಿ ನಂಬಿಕೊಂಡು ನಿಲ್ಲಿಸಿಬಿಡುತ್ತದೆ, ಕೊನೆಯ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪರದೆ ಕಪ್ಪು. ಅದಕ್ಕೆ ಸೆಟ್ಟಿಂಗ್‌ನಲ್ಲಿ ಮುಂಚೆ ಎರಡು ನಿಮಿಷ, ಆಮೇಲೆ ಐದು ನಿಮಿಷ ಹೆಚ್ಚಿಗೆ ಹಿಡಿಯುವಂತೆ ಇಡಬಹುದು. ಕ್ರಿಕೆಟ್ಟಿಗಾದರೆ ಒಂದು ಗಂಟೆ ಹೆಚ್ಚಿಗೆ ಇಟ್ಟರೂ ಕಡಿಮೆಯೇ.

ಜಾಗದ ಲೆಕ್ಕ ನನಗೆ ಇಷ್ಟವಾದದ್ದು. ಸಾಧಾರಣ ಗುಣಮಟ್ಟದ ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ಟಿನಂತೆ ಬರುತ್ತದೆ ಎಂದುಕೊಳ್ಳಿ. ಗಂಟೆಗೆ 3,600 ಸೆಕೆಂಡು. 8 ಬಿಟ್ಟಿಗೆ ಒಂದು ಬೈಟ್. ಆಗ ಗಂಟೆಗೆ 1,350 ಮೆಗಾಬೈಟ್, ಅಂದರೆ 1.35 ಜಿಬಿ. ಎಚ್‌ಡಿ ಚಾನೆಲ್ 8 ಮೆಗಾಬಿಟ್ ಎಂದರೆ ಗಂಟೆಗೆ 3.6 ಜಿಬಿ. 500 ಜಿಬಿಯ ಡಿಸ್ಕಿನಲ್ಲಿ ಮೊದಲನೆಯದು ಸುಮಾರು 370 ಗಂಟೆ, ಎರಡನೆಯದು 139 ಗಂಟೆಯಷ್ಟೇ ಹಿಡಿಸುತ್ತದೆ. ಮಾತು ಕೇಳುವುದೇ ಮುಖ್ಯವಾದ ಕ್ವಿಜ್‌ಗೆ ಎಚ್‌ಡಿ ಬೇಡ. ಪ್ರಾಣಿಪಕ್ಷಿಗಳ ಕಾರ್ಯಕ್ರಮಕ್ಕೆ ಇರಲಿ. ಡಿಸ್ಕ್ ತುಂಬಿದರೆ ಕೆಲವು ಬಾಕ್ಸ್ ಹಳೆಯದನ್ನು ತಾನೇ ಅಳಿಸುತ್ತವೆ, ಕೆಲವು ಹೊಸದನ್ನು ಹಿಡಿಯುವುದನ್ನೇ ನಿಲ್ಲಿಸುತ್ತವೆ. ಅಳಿಸಬಾರದ್ದಕ್ಕೆ ಬೀಗ ಹಾಕುವ ಗುಂಡಿ ಇರುತ್ತದೆ. ಇಂಥ ಸರಣಿಯಲ್ಲಿ ಕೊನೆಯ ಐದು ಕಂತು ಮಾತ್ರ ಇಟ್ಟುಕೋ ಎಂದು ಹೇಳುವ ಸೌಕರ್ಯವೂ ಕೆಲವಲ್ಲಿದೆ. ಇದನ್ನು ಬಳಸದೆ ಸುಮ್ಮನಿದ್ದರೆ ನೋಡದ ಕಂತುಗಳು ರಾಶಿ ಬೀಳುತ್ತವೆ. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತಾರೆ. ನೋಡದ ಧಾರಾವಾಹಿಗೆ ಹತ್ತು ದಿನ ಗಡುವು ಸಾಕು ಎಂಬುದು ನನ್ನ ಅಭಿಪ್ರಾಯ. ನನ್ನಾಕೆ ಒಪ್ಪಿಲ್ಲ.

ಇನ್ನು ಮಳೆ. ಡಿಟಿಎಚ್ ಬಳಸುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಯ ಜೋರು ಮಳೆ ಈ ಅಲೆಗಳನ್ನು ಹೀರಿ, ಚದುರಿಸಿಬಿಡುತ್ತದೆ. ಆಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲವೆ ಹೋಗಿಯೇಬಿಡುತ್ತದೆ. ಬಾಕ್ಸ್ ಹಿಡಿಯುವುದು ಬಂದದ್ದನ್ನು ಮಾತ್ರ. ಸಕಲೇಶಪುರದ ಕಡೆಯವರಿಗೆ ಜುಲೈನಲ್ಲಿ ಇದು ದಿನದ ಪಾಡು. ಮರುಪ್ರಸಾರವನ್ನೂ ಹಾಕಿಡುವುದೊಂದೇ ಉಪಾಯ. ಮಾರ್ಚಿನ ಆಸುಪಾಸು, ಮತ್ತೆ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿನಲ್ಲಿ ಕೆಲವು ದಿನ ಹಗಲು ಹೊತ್ತು ಕೆಲವೇ ನಿಮಿಷ ಚಿತ್ರ ಮಾಯವಾಗುವುದುಂಟು. ಆಕಾಶದಲ್ಲಿ ಮೋಡವಿಲ್ಲ, ಬಿಸಿಲು ಕಾಯುತ್ತಿದೆ, ಟಿವಿ ಇಲ್ಲ! ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಬುಟ್ಟಿಗೆ ಕೇಳಿಸುವುದಿಲ್ಲ. ಯಾರಿಗೂ ಫೋನ್ ಮಾಡಬೇಡಿ, ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಸರಿಹೋಗುತ್ತದೆ.

ಇಷ್ಟೆಲ್ಲ ಯಾಕೆ, ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂದು ಮಗ ಕೇಳಿದ್ದಾನೆ. ಸಿಗುತ್ತದೆ, ನಿಜ. ಆದರೆ ಮೊಬೈಲನ್ನು ಕ್ವಿಜ್‌ಗೆಂದು ಮಗುವಿನ ಕೈಗೆ ಕೊಟ್ಟರೆ ಕ್ವಿಜ್ ಮುಗಿದ ಮೇಲೂ ಅದು ಕೈಯಲ್ಲೇ ಇರುತ್ತದೆ. ಅಂಗೈ ಅಗಲದ ಪರದೆಯ ಮುಂದೆ ಮೂರು ಜನ ಕೂರಲೂ ಆಗುವುದಿಲ್ಲ. ಬಾಕ್ಸಿನಲ್ಲಿ ನಾವು ಹಾಕಿಟ್ಟದ್ದು ಮಾತ್ರ ಇರುತ್ತದೆ, ಅದು ಮುಗಿದರೆ ಮುಗಿಯಿತು. ಹೊಸದಾಗಿ ಕೊಳ್ಳುವವರು ಮಾತ್ರ ಎರಡು ವಿಷಯ ಮೊದಲೇ ಕೇಳಿ ತಿಳಿಯಿರಿ. ರೆಕಾರ್ಡ್ ಮಾಡಲು ತಿಂಗಳಿಗೆ ಬೇರೆ ಹಣ ಕಟ್ಟಬೇಕೆ? ಡಿಸ್ಕ್ ಒಳಗೇ ಇದೆಯೆ, ಇಲ್ಲ ನಾವೇ ಪೆನ್‌ಡ್ರೈವ್ ಚುಚ್ಚಬೇಕೆ?

ನಮ್ಮ ಮನೆಯಲ್ಲಿ ಈಗ ಸೊಸೆಯ ರಜದ ದಿನ ಯಾವ ವಾರವೇ ಬರಲಿ, ಮಧ್ಯಾಹ್ನದ ಊಟವಾದ ಮೇಲೆ ಕ್ವಿಜ್ ನಡೆಯುತ್ತದೆ. ಪ್ರಶ್ನೆ ಕೇಳಿ ಮುಗಿದ ಕೂಡಲೆ ರಿಮೋಟಿನಲ್ಲಿ ತಡೆ ಹಾಕುವುದು ಹುಡುಗಿಯ ಕೆಲಸ. ನೇರ ಪ್ರಸಾರದಲ್ಲಿ ಈ ಸುಖವಿಲ್ಲ. ನನ್ನಾಕೆಗೆ ಬಲಗಿವಿ ಮಂದ, ಮೊದಲೆಲ್ಲ ಪ್ರಶ್ನೆ ಅವಳಿಗೆ ತಿಳಿಯುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಈಗ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿಸುತ್ತಾರೆ. ಗಾದೆ, ಒಗಟು, ಪುರಾಣ ಬಂದರೆ ಅವಳನ್ನು ಹಿಡಿಯುವವರಿಲ್ಲ ಎಂಬುದು ನಮಗೆ ಗೊತ್ತಾದದ್ದೇ ಹೀಗೆ. ಮೊನ್ನೆ ಒಂದು ಪ್ರಶ್ನೆಗೆ ತಡೆ ಹಾಕಿದವರು ಇಪ್ಪತ್ತು ನಿಮಿಷ ಮುಂದಕ್ಕೇ ಹೋಗಲಿಲ್ಲ. ಸೊಸೆ ವಾರ್ಡಿನಲ್ಲಿ ನಡೆದದ್ದೇನನ್ನೋ ಮಗಳಿಗೆ ಹೇಳುತ್ತಿದ್ದಳು, ಪರದೆಯ ಮೇಲೆ ಚಿತ್ರ ನಿಂತೇ ಇತ್ತು. ನಾನು ಪೇಪರ್ ಹಿಡಿದು ಆಚೆ ಜಗುಲಿಗೆ ಬಂದೆ.

ಒಂದು ಮಾತು ಬಿಟ್ಟಿದ್ದೆ. ರೆಕಾರ್ಡ್ ಆದದ್ದು ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ, ಬೇರೆ ಬಾಕ್ಸಿಗೆ ಅದರ ಬೀಗ ತೆರೆಯಲು ಬರುವುದಿಲ್ಲ. ಬಾಕ್ಸ್ ಕೆಟ್ಟು ಬದಲಾಯಿಸಿದರೆ ಒಳಗಿದ್ದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ರೀಚಾರ್ಜ್ ನಿಂತರೆ ಹಳೆಯದೂ ಕಾಣದಂತಾಗುವುದುಂಟು. ಇದನ್ನು ಕೇಳಿದ ದಿನವೇ ಮೊಮ್ಮಗಳು 200 ಪುಟದ ನೋಟ್‌ಬುಕ್ ತಂದು ಪ್ರಶ್ನೆ ಉತ್ತರ ಬರೆಯತೊಡಗಿದಳು. ಬಲಬದಿಗೆ ನಾಲ್ಕು ಗೆರೆ ಎಳೆದು ಅಮ್ಮ, ನಾನು, ಅಜ್ಜಿ, ತಾತ ಎಂದು ಅಂಕ ಹಾಕುತ್ತಾಳೆ. ಮೊದಲನೆಯ ಪುಸ್ತಕ ತುಂಬಿದೆ, ಎರಡನೆಯದರಲ್ಲಿ ಸದ್ಯಕ್ಕೆ ಅಜ್ಜಿ ಮುಂದಿದ್ದಾರೆ.